ಫೋಲ್ಡರ್ ತುಂಬಿದೆ, ಪೋರ್ಟ್‌ಫೋಲಿಯೋ ಎಲ್ಲಿ ಮಾರಾಯ್ರೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ ಒಂದೇ ವಿಷಯ, ಇ-ಪೋರ್ಟ್‌ಫೋಲಿಯೋ. ಅಂದ್ರೆ ತಾನು ಮಾಡಿದ ಕೆಲಸದಲ್ಲಿ ಕೆಲವನ್ನ ಆರಿಸಿ, ಯಾಕೆ ಆರಿಸ್ದೆ ಅಂತ ಬರೆದು, ಫೋನಲ್ಲೋ ಕಂಪ್ಯೂಟರಲ್ಲೋ ಇಡೋ ಸಂಗ್ರಹ. ಮೀಟಿಂಗಲ್ಲಿ ಯಾರೋ ಹೇಳಿರ್ತಾರೆ, ಹೇಳಿದವ್ರಿಗೂ ಅದು ಎಂತದು ಅಂತ ಪೂರ್ತಿ ಗೊತ್ತಿರಲ್ಲ, ಕೇಳಿದವ್ರು ಮನೆಗೆ ಬಂದು ತಲೆ ಕೆರ್ಕೋತಾರೆ. 31 ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದವನು ನಾನು, ಆ ಮೀಟಿಂಗುಗಳಲ್ಲಿ ಹಿಂದಿನ ಬೆಂಚಲ್ಲಿ ಕೂತು ಟೀ ಯಾವಾಗ ಬರುತ್ತೆ ಅಂತ ಕಾದವನೂ ಹೌದು. ಬೇರೆ ಪ್ರಶ್ನೆ ಕಳಿಸಿದವ್ರು ಬೇಜಾರು ಮಾಡ್ಕೋಬೇಡಿ, ಮುಂದಿನ ತಿಂಗಳಿಗೆ ಇಟ್ಕೊಂಡಿದೀನಿ.

ಪ್ರಶ್ನೆ: ನಾನು ಹೊಸನಗರ ತಾಲೂಕಿನ ಒಂದು ಹೈಸ್ಕೂಲಲ್ಲಿ ವಿಜ್ಞಾನ ಟೀಚರ್. ಎಂಟನೇ ಕ್ಲಾಸಲ್ಲಿ 38 ಮಕ್ಕಳು. ಒಬ್ಬೊಬ್ರ ಹೆಸರಲ್ಲಿ ಒಂದೊಂದು ಫೋಲ್ಡರ್ ಮಾಡಿ, ಮಾಡಿಸಿದ ಚಟುವಟಿಕೆದೆಲ್ಲ ಫೋಟೋ, ವಿಡಿಯೋ ಹಾಕ್ತಾ ಬಂದೆ. ಮೂರು ತಿಂಗಳಲ್ಲಿ ಎರಡು ಸಾವಿರ ಫೋಟೋ ಆಗಿದೆ ಸರ್. ಈಗ ಡ್ರೈವ್ ಫುಲ್ ಅಂತ ಬರ್ತಿದೆ. ದುಡ್ಡು ಕೊಟ್ಟು ಜಾಗ ತಗೊಳ್ಳೋದಾ?

ಬೇಡ ಮೇಡಂ, ದುಡ್ಡು ಕೊಡ್ಬೇಡಿ. ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ, ಅದ್ರಲ್ಲೇ ನಿಮ್ಮ ಮೇಲ್, ಡ್ರೈವ್, ಫೋಟೋಸ್ ಮೂರೂ ಸಂಸಾರ ಮಾಡ್ಬೇಕು. ಒಂದು ಫೋಟೋ 4 ಎಂಬಿ ಅಂತ ಹಿಡಿದ್ರೂ ಎರಡು ಸಾವಿರಕ್ಕೆ 8 ಜಿಬಿ ಆಯ್ತು, ಇನ್ನು ವಿಡಿಯೋ ಅಂದ್ರೆ ನಿಮಿಷಕ್ಕೆ ನೂರು ಎಂಬಿ ಹತ್ರ ತಿನ್ನುತ್ತೆ, ತುಂಬದೆ ಎಂತ ಆಗುತ್ತೆ. ಆದ್ರೆ ನಿಮ್ಮ ಸಮಸ್ಯೆ ಜಾಗದ್ದಲ್ವೇ ಅಲ್ಲ. ನೀವು ಮಾಡಿರೋದು ಗೋದಾಮು. ಅಡಿಕೆ ಕೊಯ್ಲು ಮಾಡಿ ತಂದು ಅಂಗಳಕ್ಕೆ ಸುರಿದ ಹಾಗೆ, ಇನ್ನೂ ಹೆಕ್ಕಿ ಆರಿಸಿಲ್ಲ.

ಇದು ಹೊಸದೇನೂ ಅಲ್ಲ ಅಂತ ಮೊದ್ಲು ಧೈರ್ಯ ತಗೊಳ್ಳಿ. ನಮ್ಮ ಶಾಲೆಗಳಲ್ಲಿ ಕೃತಿ ಸಂಪುಟ ಅಂತ ಇಡ್ತಿದ್ವಲ್ಲ, ಲಾಡಿ ಕಟ್ಟಿದ ರಟ್ಟಿನ ಫೈಲು, ಒಳಗೆ ಮಗುವಿನ ಚಿತ್ರ, ಕಥೆ, ಎಲೆ ಅಂಟಿಸಿದ ಹಾಳೆ, ಮಳೆಗಾಲಕ್ಕೆ ಮೆತ್ತಗಾಗಿ ಬೂಸ್ಟು ಹಿಡಿದ ವಾಸನೆ. ಅದೇ ಈಗ ಫೋನಿಗೆ ಬಂದಿದೆ. ವ್ಯತ್ಯಾಸ ಏನಪ್ಪ ಅಂದ್ರೆ ಆ ಫೈಲಲ್ಲಿ ಜಾಗ ಕಮ್ಮಿ ಇತ್ತು, ಹಾಗಾಗಿ ಒಳ್ಳೇದು ಯಾವುದು ಅಂತ ಯೋಚನೆ ಮಾಡಿ ಹಾಕ್ತಿದ್ವಿ. ಫೋನಲ್ಲಿ ಜಾಗ ಮುಗಿಯೋದೇ ಇಲ್ಲ ಅನ್ಸುತ್ತೆ, ಯೋಚನೆ ನಿಂತೋಯ್ತು.

ಆರಿಸೋ ಕೆಲಸ ಮಗು ಮಾಡ್ಬೇಕು, ನೀವಲ್ಲ. ಇದನ್ನ ನಾನು ಕಲ್ತಿದ್ದು ಒಬ್ಬ ಹುಡುಗನಿಂದ. ಸರ್ವೀಸಿನ ಕೊನೇ ವರ್ಷಗಳಲ್ಲಿ, ಹತ್ತನೇ ಕ್ಲಾಸು. ಎರಡು ಕೆಲಸ ಇಟ್ಕೊಂಡಿದ್ದ, ಒಂದು ಜಲಚಕ್ರದ ಚಾರ್ಟು, ಬಣ್ಣ ಬಣ್ಣದ್ದು, ಅವರಕ್ಕ ಬರ್ಕೊಟ್ಟಿದ್ದು ಅಂತ ಇಡೀ ಕ್ಲಾಸಿಗೆ ಗೊತ್ತಿತ್ತು. ಇನ್ನೊಂದು ಗೀಚಿ ಗೀಚಿ ಹರಿದೋಗಿದ್ದ ರಫ್ ಬುಕ್ಕಿನ ಹಾಳೆ. ಅಡಿಕೆಗೆ ಕೊಳೆರೋಗ ಬರದ ಹಾಗೆ ಹೊಡೆಯೋ ಬೋರ್ಡೋ ದ್ರಾವಣದ ಲೆಕ್ಕ. ಒಂದು ಪರ್ಸೆಂಟ್ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಅದೇ ತಾಮ್ರದ ಸಲ್ಫೇಟು), 1 ಕೆಜಿ ಸುಣ್ಣ ಅಲ್ವಾ, ಇವನು 200 ಲೀಟರ್ ಡ್ರಮ್ಮಿಗೆ ಎಷ್ಟು ಅಂತ ಲೆಕ್ಕ ಹಾಕಿ 20 ಕೆಜಿ ಅಂತ ಬರ್ದಿದ್ದ, ದಶಮಾಂಶ ಜಾರಿತ್ತು. ಅಪ್ಪಯ್ಯನಿಗೆ ತೋರಿಸಿದ್ದಕ್ಕೆ ಅವರು ಕವಳ ಉಗುಳಿ ಬಂದು ನಕ್ಕು 'ತೋಟ ಸುಡ್ತೀಯೇನೋ' ಅಂದ್ರಂತೆ. ಮತ್ತೆ ಲೆಕ್ಕ ಸರಿ ಮಾಡಿದ, 2 ಕೆಜಿ ಅಂತ ಬಂತು, ಅಷ್ಟಕ್ಕೇ ಬಿಡ್ಲಿಲ್ಲ, ಅಪ್ಪಯ್ಯ ಕತ್ತಿ ತೊಳ್ದು ದ್ರಾವಣಕ್ಕೆ ಅದ್ದಿ ನೋಡೋದು ಎಂತಕ್ಕೆ ಅಂತ ಕೇಳ್ಕೊಂಡು ಬಂದ. ಕತ್ತಿ ಮೇಲೆ ಕೆಂಪು ಕಲೆ ಅಂಟಿದ್ರೆ ಸುಣ್ಣ ಸಾಲದು, ಇನ್ನಷ್ಟು ಹಾಕ್ಬೇಕು. ಪುಸ್ತಕದಲ್ಲಿ ಕಬ್ಬಿಣದ ಮೊಳೆಯನ್ನ ತಾಮ್ರದ ಸಲ್ಫೇಟಲ್ಲಿ ಮುಳುಗಿಸೋ ಪ್ರಯೋಗ ಇದ್ಯಲ್ಲ, ಸ್ಥಾನಪಲ್ಲಟ ಕ್ರಿಯೆ, ಅದೇ ಇದು! ಕಬ್ಬಿಣದ ಮೇಲೆ ತಾಮ್ರ ಬಂದು ಕೂರೋದು. ಅವರಪ್ಪ ಮಳೆಗಾಲ ಬಂತು ಅಂದ್ರೆ ಮಾಡ್ತಿದ್ದ ಕೆಲಸ.

ನಾನು ಚಾರ್ಟ್ ಆರಿಸ್ತಾನೆ ಅಂದ್ಕೊಂಡಿದ್ದೆ. ಅವನು ತಪ್ಪು ಲೆಕ್ಕದ ಹಾಳೆ ಫೋಟೋ, ಪಕ್ಕದಲ್ಲಿ ಸರಿ ಮಾಡಿದ್ದು, ಕತ್ತಿದೊಂದು ಫೋಟೋ ಹಾಕಿ ಕೆಳಗೆ ಬರ್ದ: 'ಚಾರ್ಟ್ ಚೆನ್ನಾಗಿದೆ ಆದರೆ ಅದು ನನಗೆ ಮೊದಲೇ ಗೊತ್ತಿತ್ತು. ಇದು ಗೊತ್ತಿರಲಿಲ್ಲ.' ನಾನು ಬರ್ದಿದ್ರೆ ಇಷ್ಟು ಚೆನ್ನಾಗಿ ಬರೀತಿರ್ಲಿಲ್ಲ.

ಹಾಗಾಗಿ ನೀವು ಹಿಂಗೆ ಮಾಡಿ ನೋಡಿ. ತಿಂಗಳಿಗೊಂದು ಶನಿವಾರ ಒಂದು ಪೀರಿಯಡ್ ಬಿಡಿ, ಮಕ್ಕಳಿಗೆ ಅವರವರ ಫೋಲ್ಡರ್ ತೋರಿಸಿ, ಒಂದೇ ಒಂದು ಇಟ್ಕೊಳ್ಳೋಕೆ ಹೇಳಿ, ಜೊತೆಗೆ ಮೂರೇ ಸಾಲು: ಇದನ್ನ ಯಾಕೆ ಆರಿಸ್ದೆ, ಎಲ್ಲಿ ಕಷ್ಟ ಆಯ್ತು, ಮತ್ತೊಂದ್ಸಲ ಮಾಡಿದ್ರೆ ಏನು ಬದಲಾಯಿಸ್ತೀಯ. ಬರೆಯೋಕೆ ಬೇಜಾರಾದ ಮಗು ಮಾತಾಡ್ಲಿ, ಅರ್ಧ ನಿಮಿಷದ ಆಡಿಯೋ ಒಂದು ಎಂಬಿ ಕೂಡ ಆಗಲ್ಲ. ಮೊದಲನೇ ತಿಂಗಳು ಎಲ್ಲರೂ 'ಚೆನ್ನಾಗಿದೆ ಅದಕ್ಕೆ' ಅಂತಲೇ ಬರೀತಾರೆ, ಎದೆಗುಂದಬೇಡಿ, ಯಾರಾದ್ರೂ ಒಬ್ರು ಚೂರು ಚೆನ್ನಾಗಿ ಬರ್ದಿರ್ತಾರೆ, ಅವರನ್ನ ಕೇಳಿ ಅದನ್ನ ಕ್ಲಾಸಲ್ಲಿ ಓದಿ ಹೇಳಿ, ಎರಡನೇ ತಿಂಗಳಿಗೆ ದಾರಿಗೆ ಬರುತ್ತೆ. ಉಳಿದಿದ್ದು ಡಿಲೀಟ್. ಕೈ ನಡುಗುತ್ತೆ, ಗೊತ್ತು. ಟ್ರ್ಯಾಶಲ್ಲಿ 30 ದಿನ ಇರುತ್ತೆ, ಬೇಕಾದ್ರೆ ವಾಪಸ್ ತಗೋಬಹುದು. ಟ್ರ್ಯಾಶ್ ಖಾಲಿ ಆಗೋವರೆಗೂ ಜಾಗ ಬಿಡಲ್ಲ ಅನ್ನೋದೂ ನೆನಪಿರ್ಲಿ, ಎಷ್ಟೋ ಜನ ಡಿಲೀಟ್ ಮಾಡಿದ್ರೂ ಫುಲ್ ಅಂತಿದೆ ಅಂತ ನನಗೆ ಫೋನ್ ಮಾಡ್ತಾರೆ.

ಪ್ರಶ್ನೆ: ಶಿವಮೊಗ್ಗದಲ್ಲಿ ಬಿ.ಎಡ್ ಎರಡನೇ ವರ್ಷ. ಟೀಚಿಂಗ್ ಪೋರ್ಟ್‌ಫೋಲಿಯೋ ಇದ್ರೆ ಇಂಟರ್ವ್ಯೂಗೆ ಒಳ್ಳೇದು ಅಂತಾರೆ. ಎಸ್ಸೆಸ್ಸೆಲ್ಸಿಯಿಂದ ಇಲ್ಲಿವರೆಗಿನ ಮಾರ್ಕ್ಸ್ ಕಾರ್ಡ್, ಸರ್ಟಿಫಿಕೇಟ್, ಸೆಮಿನಾರ್ ಫೋಟೋ ಎಲ್ಲಾ ಸೇರಿಸಿ 64 ಪೇಜಿನ ಪಿಡಿಎಫ್ ಮಾಡಿದೀನಿ. ಸಾಕಾ ಸರ್, ಇನ್ನೂ ಏನಾದ್ರೂ ಸೇರಿಸ್ಲಾ?

ಸೇರಿಸೋದಾ? ತೆಗಿಯಮ್ಮಾ ತೆಗಿ. ಮಾರ್ಕ್ಸ್ ಕಾರ್ಡು ತೋರ್ಸೋಕೆ 2015ರಿಂದ ಡಿಜಿಲಾಕರ್ ಇದೆ, ಅದು ಅಲ್ಲಿರ್ಲಿ. ಇಂಟರ್ವ್ಯೂಲಿ ಕೂತಿರೋ ಹೆಡ್‌ಮಾಸ್ಟರಿಗೆ 64 ಪೇಜ್ ನೋಡೋ ಪುರುಸೊತ್ತು ಎಲ್ಲಿದೆ, ನಾನೂ ಆ ಕಡೆ ಕುರ್ಚೀಲಿ ಕೂತಿದೀನಿ ಕೆಲವು ಸಲ, ಮೊದಲನೇ ಎರಡು ಪೇಜು, ಆಮೇಲೆ ಮಧ್ಯ ಎಲ್ಲೋ ಒಂದು ಪೇಜು, ಅಷ್ಟೇ. ಆ ಮಧ್ಯದ ಪೇಜಲ್ಲಿ ನೀನು ಯಾವುದೋ ಸೆಮಿನಾರಲ್ಲಿ ಶಾಲು ಹೊದ್ಕೊಂಡು ನಿಂತಿದ್ರೆ ನನಗೆ ಏನು ಗೊತ್ತಾಯ್ತು ನಿನ್ ಪಾಠದ ಬಗ್ಗೆ?

ಇಂಟರ್ನ್‌ಶಿಪ್ಪಲ್ಲಿ ಮಾಡಿದ ಪಾಠಗಳಲ್ಲಿ ಎರಡು ಆರಿಸ್ಕೋ. ಒಂದು ಚೆನ್ನಾಗಿ ಆಗಿದ್ದು, ಒಂದು ನೆಗೆದು ಬಿದ್ದಿದ್ದು. ಬಿದ್ದಿದ್ದು ಬೇಕೇ ಬೇಕು. ಪಾಠ ಯೋಜನೆ ಹಾಕು, ಆದ್ರೆ ಮಾರ್ಜಿನ್ನಲ್ಲಿ ಪೆನ್ನಲ್ಲಿ ಗೀಚಿದ್ದೀಯಲ್ಲ, 'ಇಲ್ಲಿ 10 ನಿಮಿಷ ಅಂದ್ಕೊಂಡಿದ್ದೆ 25 ಆಯ್ತು' ಅಂತ, ಆ ಹಾಳೆನೇ ಸ್ಕ್ಯಾನ್ ಮಾಡಿ ಹಾಕು, ಫೇರ್ ಕಾಪಿ ಬೇಡ. ಪಾಠ ಮುಗಿದ್ಮೇಲೆ ಬ್ಲ್ಯಾಕ್‌ಬೋರ್ಡ್ ಹೆಂಗಿತ್ತು, ಒರೆಸೋಕೆ ಮುಂಚೆ ತೆಗ್ದ ಫೋಟೋ ಒಂದು. ಮಕ್ಕಳ ಉತ್ತರ ಎರಡು ಮೂರು, ಹೆಸರು ಮುಚ್ಚಿ, ಚೆನ್ನಾಗಿ ಬರ್ದವ್ರದ್ದು ಒಂದು, ಅರ್ಥ ಆಗ್ದೇ ಇದ್ದವ್ರದ್ದು ಒಂದು, ಅರ್ಥ ಆಗದವ್ರಿಗೆ ಆಮೇಲೆ ನೀನು ಏನು ಮಾಡ್ದೆ ಅನ್ನೋದು ನಾಲ್ಕು ಸಾಲು. ಗೈಡ್ ಮೇಡಂ ಬರ್ದ ರಿಮಾರ್ಕ್ಸ್ ಇದ್ರೆ ಹಾಕು, ಬೈದಿದ್ರೂ ಹಾಕು. ಮೂರು ನಿಮಿಷದ ಕ್ಲಾಸ್ ವಿಡಿಯೋ ಇದ್ರೆ ಬಂಗಾರ, ಮಕ್ಕಳ ಮುಖ ಬೀಳದ ಹಾಗೆ ಹಿಂದಿನಿಂದ ತೆಗ್ಸು. ಎಲ್ಲ ಸೇರಿ ಹನ್ನೆರಡು ಪೇಜ್ ದಾಟ್ಬಾರ್ದು.

ಮೊದಲನೇ ಪೇಜಲ್ಲಿ 'ಶಿಕ್ಷಣವೇ ಶಕ್ತಿ' ಥರದ್ದು ಹಾಕ್ಬೇಡ, ದಯವಿಟ್ಟು.

ಪ್ರಶ್ನೆ: ಮಗಳ ಶಾಲೇಲಿ ಪೋರ್ಟ್‌ಫೋಲಿಯೋ ಅಂತ ಅವಳ ಫೋಟೋ, ವಿಡಿಯೋ ಎಲ್ಲಾ ಒಂದು ಲಿಂಕಲ್ಲಿ ಹಾಕಿದಾರೆ. ಆ ಲಿಂಕ್ ಪೇರೆಂಟ್ಸ್ ಗ್ರೂಪಲ್ಲಿ ಬಂತು, ಒತ್ತಿದ್ರೆ ಎಲ್ಲಾ ಮಕ್ಕಳದ್ದೂ ಕಾಣುತ್ತೆ. ಕೇಳಿದ್ರೆ 'ಏನಾಗಲ್ಲ ಬಿಡಿ ಮೇಡಂ' ಅಂತಾರೆ. ನಂದು ಜಾಸ್ತಿ ಆಯ್ತಾ? ತೀರ್ಥಹಳ್ಳಿಯಿಂದ ಒಬ್ಬ ತಾಯಿ.

ಜಾಸ್ತಿ ಆಗ್ಲಿಲ್ಲ ಅಕ್ಕಾ, ಸರಿಯಾಗೇ ಇದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದಿದೆ, ಅದ್ರ ಪ್ರಕಾರ 18 ತುಂಬದವ್ರೆಲ್ಲ ಮಕ್ಕಳೇ, ಅವರ ಮಾಹಿತಿ ವಿಚಾರದಲ್ಲಿ ಅಪ್ಪ ಅಮ್ಮನ ಒಪ್ಪಿಗೆ ಅನ್ನೋದು ದೊಡ್ಡ ವಿಷಯ. ಕಾಯ್ದೆ ಹಿಡ್ಕೊಂಡು ಜಗಳಕ್ಕೆ ಹೋಗಿ ಅಂತ ಹೇಳ್ತಿಲ್ಲ, ಟೀಚರಿಗೂ ಪಾಪ ಯಾರೂ ಹೇಳ್ಕೊಟ್ಟಿರಲ್ಲ. ಶೇರ್ ಬಟನ್ ಒತ್ತಿದಾಗ 'ಲಿಂಕ್ ಇರೋ ಯಾರು ಬೇಕಾದ್ರೂ' ಅಂತ ಒಂದು, 'ನಿರ್ಬಂಧಿತ' ಅಂತ ಒಂದು ಬರುತ್ತೆ, ಎರಡನೇದು ಹಾಕಿ ನಿಮ್ಮ ಮೇಲ್ ಐಡಿ ಒಂದೇ ಸೇರಿಸಿ ಅಂತ ಕೇಳಿ, ಎರಡು ನಿಮಿಷದ ಕೆಲಸ. ಒಂದು ಮಗುವಿನ ಫೋಲ್ಡರ್ ಆ ಮನೆಯವ್ರಿಗೆ ಮಾತ್ರ ಕಾಣ್ಬೇಕು.

ಟೀಚರುಗಳು ಇದನ್ನ ಓದ್ತಿದ್ರೆ ಇನ್ನೊಂದು ಮಾತು. ಪೋರ್ಟ್‌ಫೋಲಿಯೋಗೆ ಮುಖ ಬೇಕಾಗಿಲ್ಲ, ಕೈ ಸಾಕು. ಸಾಗರ ಕಡೆ ಒಂದು ಶಾಲೇಲಿ ಹಸೆ ಚಿತ್ತಾರ ಕಲಿಸಿದ್ದು ನೋಡಿದೆ, ಕೆಮ್ಮಣ್ಣು ಬಳಿದ ಹಲಗೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಒಂದು ಹುಡುಗಿದು ನಾಲ್ಕು ಫೋಟೋ ಇತ್ತು, ನಾಲ್ಕೂ ಬರೀ ಬೆರಳು. ಮೊದಲನೇದ್ರಲ್ಲಿ ಗೆರೆ ಹಾವಿನ ಹಂಗೆ ಹೋಗಿದೆ, ನಾಲ್ಕನೇದ್ರಲ್ಲಿ ನೆಟ್ಟಗೆ ದಾರ ಹಿಡ್ದ ಹಂಗೆ. ಯಾರ ಮುಖ ಬೇಕು ಇಲ್ಲಿ? ಹಂಗೇ ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಡಿ, ಇಲ್ದಿದ್ರೆ ಫೋಟೋ ಜೊತೆ ಜಾಗದ ಗುರುತೂ ಹೋಗುತ್ತೆ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಆ ಗುರುತು ಉದುರಿ ಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಹಾಗೇ ಇರುತ್ತೆ.

ಅಕ್ಕಾ, ಮಗಳನ್ನೂ ಒಂದು ಮಾತು ಕೇಳಿ. ಅವಳಿಗೆ ಯಾವುದು ಇರ್ಬೇಕು ಯಾವುದು ಬೇಡ ಅಂತ ಅವಳಿಗೇ ಗೊತ್ತಿರುತ್ತೆ.

ಪ್ರಶ್ನೆ: ಸೊರಬದಿಂದ ಒಬ್ಬ ಕನ್ನಡ ಮೇಷ್ಟ್ರು. ಹತ್ತು ವರ್ಷದ ನನ್ನ ನೋಟ್ಸ್, ಪ್ರಶ್ನೆಪತ್ರಿಕೆ, ಮಕ್ಕಳ ಕವನ ಎಲ್ಲಾ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದೀನಿ. ವೆಬ್ ಪುಟ ಮಾಡೋ ಗೂಗಲ್ ಸೈಟ್ಸಿಗೆ ಹಾಕಿದ್ರೆ ಕೊಂಬು ಬಾಲ ಇರೋ ಇಂಗ್ಲಿಷ್ ಅಕ್ಷರ ಕಾಣುತ್ತೆ. ಎಲ್ಲಾ ಹಾಳಾಯ್ತಾ?

ಹಾಳಾಗಿಲ್ಲ ಮೇಷ್ಟ್ರೇ, ಉಸಿರು ಬಿಡಿ. ಹಳೇ ನುಡಿ ಫಾಂಟಲ್ಲಿ ಕಂಪ್ಯೂಟರಿಗೆ ಗೊತ್ತಿದ್ದಿದ್ದು ಇಂಗ್ಲಿಷ್ ಅಕ್ಷರದ ಜಾಗ ಮಾತ್ರ, ಅದ್ರ ಮೇಲೆ ಕನ್ನಡದ ವೇಷ ಹಾಕಿತ್ತು ಫಾಂಟು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತೆ, ಯಕ್ಷಗಾನ ಮುಗಿದ್ಮೇಲೆ ಚೌಕಿಗೆ ಹೋಗಿ ನೋಡ್ದಂಗೆ. ಯೂನಿಕೋಡಲ್ಲಿ ಕನ್ನಡದ ಅಕ್ಷರಕ್ಕೆ ಅದರದ್ದೇ ನಂಬರ್ ಇದೆ, ಯಾವ ಫೋನಲ್ಲೂ ಕಾಣುತ್ತೆ, ಹುಡುಕಿದ್ರೆ ಸಿಗುತ್ತೆ.

ನುಡಿಯಿಂದ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್ ಪುಕ್ಕಟೆ ಸಿಗುತ್ತೆ. ಒಂದೊಂದೇ ಫೈಲ್ ಹಾಕಿ, ಆಮೇಲೆ ಕಣ್ಣಾಡಿಸ್ಲೇಬೇಕು, ಅರ್ಕಾವೊತ್ತು ಇರೋ ಕಡೆ, ಮಧ್ಯೆ ಬಂದ ಇಂಗ್ಲಿಷ್ ಪದ, ಅಂಕಿ, ಈ ಮೂರು ಜಾಗದಲ್ಲಿ ಎಡವಟ್ಟು ಜಾಸ್ತಿ. ಹತ್ತು ವರ್ಷದ್ದೆಲ್ಲ ಬದಲಾಯಿಸೋಕೆ ಕೂರ್ಬೇಡಿ ಮತ್ತೆ! ಪೋರ್ಟ್‌ಫೋಲಿಯೋಗೆ ಬೇಕಾದ ಹತ್ತೋ ಹದಿನೈದೋ ಆರಿಸಿ, ಉಳಿದಿದ್ದು ಪಿಡಿಎಫ್ ಮಾಡಿ ಇಟ್ಬಿಡಿ, ಪಿಡಿಎಫ್ ಮಾಡುವಾಗ ಫಾಂಟು ಒಳಗೇ ಸೇರ್ಕೊಳ್ಳೋದ್ರಿಂದ ಓದೋಕೆ ಸರಿ ಕಾಣುತ್ತೆ, ಕಾಪಿ ಮಾಡೋಕೆ ಹುಡುಕೋಕೆ ಬರಲ್ಲ ಅಷ್ಟೇ. ಮಕ್ಕಳ ಕವನ ಮಾತ್ರ ಮೊದ್ಲು ಮಾಡಿ. ಆ ಮಕ್ಕಳು ಈಗ ಎಲ್ಲೆಲ್ಲೋ ಕೆಲಸದಲ್ಲಿರ್ತಾರೆ, ಕಳಿಸಿ ಕೊಡಿ, ಹೆಂಗೆ ಖುಷಿ ಪಡ್ತಾರೆ ನೋಡಿ.

ಪ್ರಶ್ನೆ: ಆಗುಂಬೆ ಹತ್ರದ ಶಾಲೆ ನಮ್ಮದು. ಜೂನ್ ಬಂತು ಅಂದ್ರೆ ಕರೆಂಟಿಲ್ಲ, ಟವರಿಲ್ಲ. ಎಲೆಕ್ಟ್ರಾನಿಕ್ ಅಂತೆ ಪೋರ್ಟ್‌ಫೋಲಿಯೋ ಅಂತೆ, ನಮಗೆಲ್ಲಿಂದ ಬರ್ಬೇಕು?

ಎಲೆಕ್ಟ್ರಾನಿಕ್ ಅಂದ್ರೆ ಆನ್‌ಲೈನ್ ಅಂತ ಯಾರು ಹೇಳಿದ್ರು? ಪವರ್‌ಪಾಯಿಂಟಲ್ಲೋ ಲಿಬ್ರೆ ಆಫೀಸ್ ಇಂಪ್ರೆಸ್ಸಲ್ಲೋ ಮಗುವಿಗೊಂದು ಫೈಲ್ ಮಾಡಿ, ಮೊದಲನೇ ಸ್ಲೈಡಲ್ಲಿ ವಿಷಯಗಳ ಪಟ್ಟಿ, ಒತ್ತಿದ್ರೆ ಆ ಸ್ಲೈಡಿಗೆ ಹೋಗೋ ಲಿಂಕು, ನೆಟ್ ಬೇಡ, ಪೆನ್‌ಡ್ರೈವಲ್ಲಿ ಓಡುತ್ತೆ. ಫೋಟೋ ಆಡಿಯೋ ಫೋನಲ್ಲೇ ಆಗುತ್ತೆ, ಕರೆಂಟ್ ಬಂದ ದಿನ ಶಾಲೆ ಕಂಪ್ಯೂಟರಿಗೆ ಹಾಕಿ. ತೀರ್ಥಹಳ್ಳಿಗೆ ಹೋಗೋ ದಿನ ಪೆನ್‌ಡ್ರೈವ್ ಚೀಲದಲ್ಲಿರ್ಲಿ, ಅಲ್ಲಿ ನೆಟ್ ಸಿಕ್ಕಾಗ ಒಂದು ಕಾಪಿ ಡ್ರೈವಿಗೆ ಹಾಕಿ. ಫೈಲಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಮೊದ್ಲು ಹಾಕಿ, ತಾನಾಗೇ ಸಾಲಾಗಿ ಕೂರುತ್ತೆ.

ಮತ್ತೆ ಸ್ವಾಮಿ, ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳೋ ಊರಲ್ಲಿ ಕೂತು ಪೋರ್ಟ್‌ಫೋಲಿಯೋಗೆ ಏನೂ ಇಲ್ಲ ಅಂತೀರಲ್ಲ. ಮೇಲಿಂದ ಕೆಳಗೆ ನೆಟ್ಟಗಿರೋ ಬಾಟ್ಲು ಒಂದನ್ನ ಕತ್ತರಿಸಿ, ಕತ್ತಿನ ಭಾಗ ತಲೆಕೆಳಗು ಮಾಡಿ ಕೂರಿಸಿದ್ರೆ ಮಳೆ ಮಾಪಕ ಆಯ್ತು, ದಿನಾ ಬೆಳಗ್ಗೆ ಅಳೆದು ಬರ್ದ ನೋಟ್‌ಬುಕ್ಕು ತಿಂಗಳ ಕೊನೇಲಿ ಗ್ರಾಫಾದ್ರೆ ಬೆಂಗಳೂರಿನ ಮಕ್ಕಳ ಪೋರ್ಟ್‌ಫೋಲಿಯೋಲಿ ಅದು ಇರಲ್ಲ.

ಪ್ರಶ್ನೆ: ಯಾವ ಆಪ್ ಬೆಸ್ಟು?

ಯಾವುದ್ರಿಂದ ಸಾಮಾನು ಸುಲಭವಾಗಿ ಹೊರಗೆ ತರ್ಬಹುದೋ ಅದು. ಮಹಾರಾ ಅಂತ ಪೋರ್ಟ್‌ಫೋಲಿಯೋಗೇ ಮಾಡಿದ ತಂತ್ರಾಂಶ ಇದೆ, 2006ರಲ್ಲಿ ನ್ಯೂಜಿಲೆಂಡಲ್ಲಿ ಶುರುವಾಗಿದ್ದು, ಮುಕ್ತ ತಂತ್ರಾಂಶ, ಆದ್ರೆ ಸರ್ವರ್ ನೋಡ್ಕೊಳ್ಳೋರು ಬೇಕು, ಕಾಲೇಜಿಗೆ ಸರಿ. ಶಾಲೆಗೆ ಗೂಗಲ್ ಸೈಟ್ಸ್ ಸಾಕು. ಅಂತರ್ಜಾಲದಲ್ಲಿ ಯಾವುದೂ ಶಾಶ್ವತ ಅಲ್ಲ, ಟೀಚರುಗಳು ತುಂಬಾ ಬಳಸ್ತಿದ್ದ ವಿಕಿಸ್ಪೇಸಸ್ ಅನ್ನೋ ಜಾಲತಾಣ 2018ರಲ್ಲಿ ಬಾಗಿಲು ಹಾಕ್ತು. ಗೂಗಲ್ ಖಾತೆನೂ ಎರಡು ವರ್ಷ ಮುಟ್ಟದೇ ಬಿಟ್ರೆ ಅಳಿಸಬಹುದು ಅಂತ ನಿಯಮ ಇದೆ. ಶಾಲೆ ಕೊಟ್ಟ ಐಡಿ ಆದ್ರೆ ಇನ್ನೂ ಹುಷಾರು, ಮಗು ಶಾಲೆ ಬಿಟ್ಟ ಮೇಲೆ ಐಡಿ ಮುಚ್ಚಿದ್ರೆ ಪೋರ್ಟ್‌ಫೋಲಿಯೋನೂ ಹೋಯ್ತು. ಟೇಕ್‌ಔಟ್ ಅಂತ ಗೂಗಲ್ಲಲ್ಲೇ ಒಂದು ಸೌಲಭ್ಯ ಇದೆ, ಎಲ್ಲಾ ಒಟ್ಟಿಗೆ ಇಳಿಸ್ಕೋಬಹುದು. ಟಿಸಿ ತಗೊಳ್ಳೋಕೆ ಬರುವಾಗ ಪೆನ್‌ಡ್ರೈವ್ ತಗೊಂಡು ಬಾ ಅಂತ ಮಕ್ಕಳಿಗೆ ಹೇಳಿ.

ಇಷ್ಟೆಲ್ಲ ಬುದ್ಧಿ ಹೇಳೋ ನಾನು ಏನು ಮಾಡಿದೆ ಗೊತ್ತಾ, ಆರು ವರ್ಷದ ಕ್ಲಾಸಿನ ಫೋಟೋ, ಟಿಪ್ಪಣಿ ಇದ್ದ ಖಾತೆಗೆ ಹಳೇ ಸಿಮ್ಮಿನ ನಂಬರ್ ಕೊಟ್ಟಿದ್ದೆ, ರಿಟೈರ್ ಆದ್ಮೇಲೆ ಎರಡು ಸಿಮ್ ಎಂತಕ್ಕೆ ಅಂತ ಅದನ್ನ ಬಿಟ್ಟೆ, ಆಮೇಲೆ ಫೋನ್ ಬದಲಾಯಿಸ್ದೆ, ಒಟಿಪಿ ಆ ನಂಬರಿಗೇ ಹೋಗುತ್ತೆ, ಪಾಸ್‌ವರ್ಡ್ ಮರೆತೋಗಿದೆ. ಯಾರನ್ನ ಬೈಯೋದು. ನಂಬರ್ ಅಪ್‌ಡೇಟ್ ಮಾಡ್ಕೊಳ್ಳಿ.

ಪ್ರಶ್ನೆ: ಸರ್ ನಾನು ಒಂಬತ್ತನೇ ಕ್ಲಾಸ್. ನಮ್ಮೂರು ತುಮರಿ ಹತ್ರ. ನಮ್ಮ ಪೋರ್ಟ್‌ಫೋಲಿಯೋಲಿ 'ನಾನು ಕಲಿತದ್ದು' ಅನ್ನೋ ಕಡೆ ಸರ್ರೇ ಬೋರ್ಡಲ್ಲಿ ಬರೀತಾರೆ, ನಾವೆಲ್ಲ ಕಾಪಿ ಮಾಡ್ತೀವಿ. ಎಲ್ಲರದ್ದೂ ಒಂದೇ ಥರ ಇದೆ. ನನ್ನ ಫೋನಲ್ಲಿ ಹಿನ್ನೀರು ದಾಟಿಸ್ತಿದ್ದ ಲಾಂಚಿನ ಡ್ರೈವರ್ ಹತ್ರ ಮಾತಾಡಿದ್ದ ರೆಕಾರ್ಡಿಂಗ್ ಇದೆ, ಸೇತುವೆ ಆಗೋಕೆ ಮುಂಚೆ ಮಾಡಿದ್ದು. ಅದು ಪಾಠದಲ್ಲಿ ಇಲ್ವಲ್ಲ, ಹಾಕ್ಬಹುದಾ?

ಹಾಕ್ಬಹುದಾ ಅಂತ ಕೇಳ್ತೀಯಲ್ಲ ಮರಿ! ಇಡೀ ಅಂಚೇಲಿ ಬಂದ ಪತ್ರದಲ್ಲಿ ಇದನ್ನ ಎರಡು ಸಲ ಓದಿದೆ. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಮುಗೀತು, ಹಿನ್ನೀರು ನಿಂತು ನಿಮ್ಮ ಕಡೆ ಊರುಗಳು ಆಚೆ ದಡದಲ್ಲಿ ಉಳ್ಕೊಂಡ್ವು, ದಾಟೋಕೆ ಲಾಂಚೇ ಗತಿ ಆಯ್ತು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಓಪನ್ ಆಯ್ತು. ಆ ಮಧ್ಯದ್ದನ್ನ ನೋಡಿದ ಮನುಷ್ಯನ ದನಿ ನಿನ್ನ ಜೇಬಲ್ಲಿದೆ, ಪಾಠದಲ್ಲಿ ಇಲ್ಲ ಅಂತೀಯ.

ಸರ್ ಮೇಲೆ ಸಿಟ್ಟಾಗ್ಬೇಡ, 40 ಮಕ್ಕಳ ಫೈಲು ಒಂದೇ ವಾರದಲ್ಲಿ ಮುಗ್ಸಿ ಅಂತ ಅವರಿಗೆ ಯಾರೋ ಹೇಳಿರ್ತಾರೆ. ಬೋರ್ಡಲ್ಲಿ ಇದ್ದಿದ್ದು ಬರ್ಕೋ, ಅದ್ರ ಕೆಳಗೆ ನಿಂದು ಎರಡು ಸಾಲು ಸೇರಿಸು, ಅವರು ಓದಿದ್ರೆ ಖುಷಿನೇ ಪಡ್ತಾರೆ. ರೆಕಾರ್ಡಿಂಗ್ ಹಾಕೋಕೆ ಮುಂಚೆ ಆ ಡ್ರೈವರಣ್ಣನ್ನ ಒಂದು ಮಾತು ಕೇಳು, ಶಾಲೇಲಿ ಕೇಳಿಸ್ಲಾ ಅಂತ. ಯಾವತ್ತು ಮಾತಾಡಿದ್ದು, ಲಾಂಚ್ ಎಲ್ಲಿ ನಿಂತಿತ್ತು, ನಿನಗೆ ಕೇಳೋಕೆ ಮರೆತೋಗಿದ್ದು ಏನು, ಬರ್ದಿಡು. ಮರೆತಿದ್ದನ್ನ ಕೇಳೋಕೆ ಇನ್ನೊಂದ್ಸಲ ಹೋಗು.

ಅದೆಲ್ಲ ನಾಳೆ. ಇವತ್ತು ಆ ಫೈಲನ್ನ ಬೇರೆ ಎರಡು ಕಡೆ ಕಾಪಿ ಮಾಡು, ಅಪ್ಪನ ಫೋನಿಗೊಂದು, ಶಾಲೆ ಕಂಪ್ಯೂಟರಿಗೊಂದು.